ಗೊಂಬೆ ಪೆಟ್ಟಿಗೆಯ ಹವಾಮಾನ

ದಸರೆಯ ಗೊಂಬೆಗಳು ಮೆಟ್ಟಿಲ ಮೇಲೆ ಕೂರುವುದು ಹತ್ತು ದಿನ. ಪಾಡ್ಯದಂದು ಪಟ್ಟದ ಗೊಂಬೆಗಳು ಏರುತ್ತವೆ. ವಿಜಯದಶಮಿಯ ರಾತ್ರಿ ಆರತಿ ಬೆಳಗಿ ಒಂದು ಜೋಡಿಯನ್ನು ಮಲಗಿಸಿದರೆ ಹಬ್ಬ ಮುಗಿದಂತೆ. ಮಿಕ್ಕ ಹನ್ನೊಂದೂವರೆ ತಿಂಗಳು ಅವುಗಳ ವಾಸ ಅಟ್ಟದ ಮೇಲಿನ ಟ್ರಂಕಿನಲ್ಲಿ. ಗೊಂಬೆಯ ಆಯುಷ್ಯ ತೀರ್ಮಾನವಾಗುವುದು ಅಲ್ಲೇ. ಹೊರಗಿದ್ದಾಗ ಮಕ್ಕಳ ಕೈ ತಗಲಿ ಒಂದೆರಡು ಮುಕ್ಕಾಗಬಹುದು. ಆದರೆ ಮುಖದ ಬಣ್ಣ ಸಿಪ್ಪೆಯೇಳುವುದು, ಎದೆಯ ಮೇಲೆ ಸೀಳು ಬಿಡುವುದು, ಬುಡದಿಂದ ಹಿಟ್ಟಿನಂಥ ಪುಡಿ ಉದುರುವುದು, ರೇಷ್ಮೆ ಸೀರೆ ಮಡಿಕೆಯ ಗೆರೆಯಲ್ಲೇ ಹರಿಯುವುದು ಎಲ್ಲವೂ ನಡೆಯುವುದು ಮುಚ್ಚಳದ ಕೆಳಗೆ, ನಾವು ಯಾರೂ ನೋಡದಿರುವಾಗ.

ಗೊಂಬೆ ಕೂರಿಸುವ ಬಗ್ಗೆ ಎಷ್ಟೋ ಜನ ಬರೆದಿದ್ದಾರೆ. ಎತ್ತಿಡುವ ಬಗ್ಗೆ ಮಾತ್ರ ಅಜ್ಜಿಯರ ಬಾಯಿಮಾತೇ ಆಧಾರ: ಹಳೇ ಪಂಚೆಯಲ್ಲಿ ಸುತ್ತು, ಬೇವಿನ ಎಲೆ ಹಾಕು, ನುಸಿ ಗುಳಿಗೆ ಹಾಕು, ಅಟ್ಟಕ್ಕೇರಿಸು. ಈ ಮಾತುಗಳಲ್ಲಿ ಯಾವುದು ಕೆಲಸ ಮಾಡುತ್ತದೆ, ಏಕೆ ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂದು ನೋಡಬೇಕಾದರೆ ಸ್ವಲ್ಪ ಭೌತವಿಜ್ಞಾನ, ಸ್ವಲ್ಪ ರಸಾಯನ, ಸ್ವಲ್ಪ ಕೀಟಶಾಸ್ತ್ರ ಬೇಕು. ನನ್ನ ಮಟ್ಟಿಗೆ ಇವುಗಳಲ್ಲಿ ಅತ್ಯಂತ ಜಾಣತನದ ಮಾತು ಹಳೇ ಪಂಚೆಯದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಮೆಟ್ಟಿಲ ಮೇಲೆ ಯಾರ್‍ಯಾರಿದ್ದಾರೆ ನೋಡಿ. ಎಲ್ಲರಿಗಿಂತ ಮೇಲೆ ಪಟ್ಟದ ರಾಜ ರಾಣಿ. ಹಳೆಯ ಮನೆಗಳಲ್ಲಿ ಇವು ರಕ್ತಚಂದನದವು. ನೀರಿಗೆ ಹಾಕಿದರೆ ಮುಳುಗುವಷ್ಟು ಭಾರವಾದ ಈ ಮರ ಸಹಜವಾಗಿ ಬೆಳೆಯುವುದು ಆಂಧ್ರದ ಶೇಷಾಚಲದ ಆಸುಪಾಸಿನ ಬೆಟ್ಟಸಾಲಿನಲ್ಲಿ ಮಾತ್ರ ಎನ್ನಬಹುದು. 1995ರಿಂದ ಅದು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ. ತಾಯಿಯಿಂದ ಮಗಳಿಗೆ ಬಂದ ಜೋಡಿ ಹಾಳಾದರೆ ಅದೇ ಮರದ ಇನ್ನೊಂದು ಜೋಡಿ ಸುಲಭಕ್ಕೆ ಸಿಗುವುದಿಲ್ಲ. ಕೆಳಗಿನ ಮೆಟ್ಟಿಲಲ್ಲಿ ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಕೊಟ್ಟ ಚನ್ನಪಟ್ಟಣದ ಗೊಂಬೆಗಳು. ಹಗುರ ಮರದ ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿದ ಕೊಪ್ಪಳದ ಕಿನ್ನಾಳದವು. ಅದೇ ಬಗೆಯ ಅಂಟು, ಬೇರೆ ಮರದ ಕೊಂಡಪಲ್ಲಿಯವು. ಸುಟ್ಟ ಮಣ್ಣಿನ ಶೆಟ್ಟಿ ಶೆಟ್ಟಿತಿ. ಕಾಗದ ಅರೆದು ಅಚ್ಚು ಹಾಕಿದ ದೇವರುಗಳು. ಈಚಿನ ವರ್ಷಗಳ ಪ್ಲಾಸ್ಟರ್ ಆಫ್ ಪ್ಯಾರಿಸ್. ಕೊನೆಗೆ ಪಾರ್ಕು ಮಾಡಲು ತಂದ ಥರ್ಮೊಕೋಲ್ ಬೆಟ್ಟ, ಸೀರಿಯಲ್ ಸೆಟ್ಟು, ಗೊಂಬೆಗಳ ಜರಿ ಉಡುಪು, ಪುಟ್ಟ ಹಿತ್ತಾಳೆ ಪಾತ್ರೆಗಳು.

ಇಷ್ಟು ಬಗೆಯ ವಸ್ತುಗಳನ್ನು ಯಾವ ವಸ್ತುಸಂಗ್ರಹಾಲಯವೂ ಒಂದೇ ಪೆಟ್ಟಿಗೆಯಲ್ಲಿಡುವುದಿಲ್ಲ. ಮನೆಯಲ್ಲಿ ಬೇರೆ ದಾರಿಯಿಲ್ಲ. ಆದರೆ ಇವುಗಳಲ್ಲಿ ಬಹುಪಾಲಿಗೆ ಶತ್ರು ಒಂದೇ: ಗಾಳಿಯಲ್ಲಿರುವ ನೀರು, ಅದರಲ್ಲೂ ಆ ನೀರಿನ ಏರಿಳಿತ.

ಗಾಳಿ ಎಷ್ಟು ನೀರಾವಿ ಹಿಡಿದುಕೊಳ್ಳಬಲ್ಲದು ಎಂಬುದು ಅದರ ಉಷ್ಣತೆಗೆ ಬಿಟ್ಟದ್ದು. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ಆವಿ ಹಿಡಿಯುತ್ತದೆ; 20 ಡಿಗ್ರಿಗೆ ಇಳಿದರೆ 17 ಗ್ರಾಂ ಮಾತ್ರ. ಹಿಡಿಯಬಹುದಾದದ್ದರಲ್ಲಿ ನೂರಕ್ಕೆ ಎಷ್ಟು ಪಾಲು ಈಗ ತುಂಬಿದೆ ಎಂಬ ಲೆಕ್ಕವೇ ಸಾಪೇಕ್ಷ ಆರ್ದ್ರತೆ. ಬೆಂಗಳೂರು, ಮೈಸೂರಿನ ಕಡೆ ಮಳೆಗಾಲದ ಬೆಳಗಿನ ಹೊತ್ತು ಇದು ಶೇ 85 ದಾಟುತ್ತದೆ. ಮಾರ್ಚ್‌ನ ಮಧ್ಯಾಹ್ನ ಶೇ 30ರ ಆಸುಪಾಸಿಗೆ ಕುಸಿಯುತ್ತದೆ. ನಮಗೆ ಮೈ ಒಣಗಿತು, ತುಟಿ ಒಡೆಯಿತು ಎನ್ನುವಷ್ಟರಲ್ಲಿ ಮುಗಿಯುವ ಈ ವ್ಯತ್ಯಾಸ ಮರಕ್ಕೆ ದೊಡ್ಡದು.

ಕಡಿದು ಎಷ್ಟು ವರ್ಷವಾದರೂ ಮರ ಗಾಳಿಯ ಜೊತೆ ನೀರಿನ ಕೊಡುಕೊಳ್ಳುವಿಕೆ ನಿಲ್ಲಿಸುವುದಿಲ್ಲ. ಆರ್ದ್ರತೆ ಶೇ 80 ಇರುವ ಕೋಣೆಯಲ್ಲಿ ಬಹುಕಾಲ ಇಟ್ಟ ಮರದಲ್ಲಿ ಅದರ ಒಣತೂಕದ ಶೇ 16ರಷ್ಟು ನೀರಿರುತ್ತದೆ. ಶೇ 30ರ ಕೋಣೆಯಲ್ಲಿ ಶೇ 6. ಈ ನೀರು ಕೂರುವುದು ಮರದ ಜೀವಕೋಶಗಳ ಗೋಡೆಗಳಲ್ಲಿ. ಮರ ಎಂದರೆ ಒತ್ತಾಗಿ ಕಟ್ಟಿದ ಹುಲ್ಲಿನ ಹೊರೆಯಂತೆ ಉದ್ದುದ್ದನೆಯ ಕೊಳವೆಗಳ ಕಂತೆ. ನೀರು ಕುಡಿದಾಗ ಕೊಳವೆಗಳ ಗೋಡೆ ದಪ್ಪವಾಗುತ್ತದೆ, ಉದ್ದ ಬಹುತೇಕ ಬದಲಾಗುವುದಿಲ್ಲ. ಆದ್ದರಿಂದ ಮರದ ಗೊಂಬೆ ಅಡ್ಡಕ್ಕೆ ಹಿಗ್ಗಿ ಕುಗ್ಗುತ್ತದೆ, ಎತ್ತರಕ್ಕೆ ಅಲ್ಲ. ಸಾಧಾರಣ ಮರದ ಒಂದು ಗೊಂಬೆ ಎದೆಯ ಹತ್ತಿರ 6 ಸೆಂಟಿಮೀಟರ್ ಅಗಲವಿದೆ ಎನ್ನಿ. ಮಳೆಗಾಲದ ತೇವದಿಂದ ಬೇಸಿಗೆಯ ಒಣಗಾಳಿಗೆ ಅದು ಪೂರ್ತಿ ಒಗ್ಗಿಕೊಂಡರೆ ಅಗಲದಲ್ಲಿ ಒಂದೂವರೆ ಮಿಲಿಮೀಟರ್‌ನಷ್ಟು ಕಿರಿದಾಗುತ್ತದೆ. ಎತ್ತರ ಒಂದು ಗೇಣು ಇದ್ದರೂ ಕಾಲು ಮಿಲಿಮೀಟರ್‌ನಷ್ಟೂ ಇಳಿಯುವುದಿಲ್ಲ.

ಮರದ ಮೇಲಿನ ಬಣ್ಣದ ಪದರಕ್ಕೆ ಈ ಹಿಗ್ಗುಕುಗ್ಗು ಇಲ್ಲ. ಹೊಸದಾಗಿದ್ದಾಗ ಬಣ್ಣ ತುಸು ಬಾಗುತ್ತದೆ, ಮರದ ಜೊತೆ ಹೋಗುತ್ತದೆ. ಹಳೆಯದಾದಂತೆ ಬಿರುಸಾಗುತ್ತದೆ. ಅಡಿಯ ನೆಲವೇ ಒಂದೂವರೆ ಮಿಲಿಮೀಟರ್ ಸರಿದಾಗ ಅದಕ್ಕೆ ಉಳಿಯುವ ದಾರಿ ಎರಡು: ಬಿರುಕು ಬಿಡುವುದು, ಇಲ್ಲವೇ ಗುಬುಟಾಗಿ ಮೇಲೇಳುವುದು. ಹಳೆಯ ಕಿನ್ನಾಳ ಗೊಂಬೆಯೊಂದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಕೆನ್ನೆಯ ಬಣ್ಣದಲ್ಲಿ ಮರದ ನಾರಿನ ದಿಕ್ಕಿಗೇ, ಮೇಲಿಂದ ಕೆಳಗೆ, ಸಮಾನಾಂತರವಾಗಿ ಕೂದಲೆಳೆಯಂಥ ಬಿರುಕುಗಳು ಕಾಣುತ್ತವೆ. ಅಡ್ಡ ಬಿರುಕು ಅಪರೂಪ. ಮರ ಯಾವ ದಿಕ್ಕಿಗೆ ಉಸಿರಾಡಿದೆ ಎಂಬುದರ ದಾಖಲೆ ಅದು.

ಇಲ್ಲಿ ಇನ್ನೊಂದು ವಿಷಯವಿದೆ, ಮುಖ್ಯವಾದದ್ದು. ಇದೇ ಬದಲಾವಣೆ ನಿಧಾನಕ್ಕೆ ನಡೆದರೆ ಮರ ಒಳಗೂ ಹೊರಗೂ ಒಟ್ಟಿಗೇ ಒಣಗುತ್ತದೆ, ಇಡೀ ಗೊಂಬೆ ಒಟ್ಟಿಗೇ ಕುಗ್ಗುತ್ತದೆ. ಬೇಗ ನಡೆದರೆ ಹೊರಮೈ ಒಣಗಿ ಬಿಗಿಯುತ್ತದೆ, ಒಳಗಿನ ತಿರುಳು ಇನ್ನೂ ಉಬ್ಬಿಕೊಂಡೇ ಇರುತ್ತದೆ. ಹೊರಮೈ ಸೀಳದೆ ಗತ್ಯಂತರವಿಲ್ಲ. ತೇವದ ಗೊಂಬೆಯನ್ನು ಟೆರೇಸಿನ ಬಿಸಿಲಿಗೆ ಇಟ್ಟು ಒಣಗಿಸಬೇಡಿ ಎನ್ನುವುದು ಇದಕ್ಕೇ. ಬಿಸಿಲಿನ ಅತಿನೇರಳೆ ಕಿರಣ ಬಣ್ಣವನ್ನು ಮಾಸಿಸುವುದು ಅದರ ಮೇಲೊಂದು ನಷ್ಟ. ಗೊಂಬೆ ಒಣಗಬೇಕಾದದ್ದು ನೆರಳಲ್ಲಿ, ಗಾಳಿಯಾಡುವ ಕೋಣೆಯಲ್ಲಿ.

ನಿಧಾನದ ಈ ಮಹತ್ವ ಪ್ರಪಂಚಕ್ಕೆ ಸ್ಪಷ್ಟವಾಗಿ ತಿಳಿದದ್ದು ಒಂದು ಯುದ್ಧದಿಂದ. ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನು ಬಾಂಬಿನಿಂದ ಉಳಿಸಲು 1941ರಲ್ಲಿ ಉತ್ತರ ವೇಲ್ಸಿನ ಮನೋಡ್ ಎಂಬ ಬೆಟ್ಟದೊಳಗಿನ ಕಲ್ಲುಗಣಿಗೆ ಸಾಗಿಸಿದರು. ಗಣಿಯ ಗಾಳಿ ತಣ್ಣಗೆ, ವಿಪರೀತ ತೇವ. ಆದ್ದರಿಂದ ಒಳಗೆ ಇಟ್ಟಿಗೆಯ ಕೊಠಡಿಗಳನ್ನು ಕಟ್ಟಿ ಗಾಳಿಯನ್ನು ತುಸು ಬೆಚ್ಚಗೆ ಮಾಡಿ ಆರ್ದ್ರತೆಯನ್ನು ಒಂದೇ ಮಟ್ಟದಲ್ಲಿ ನಿಲ್ಲಿಸಿದರು. ಆ ಸಂಗ್ರಹದಲ್ಲಿ ಮರದ ಹಲಗೆಯ ಮೇಲೆ ಬರೆದ ನೂರಾರು ವರ್ಷ ಹಳೆಯ ಚಿತ್ರಗಳು ಬಹಳ. ಲಂಡನ್ನಿನಲ್ಲಿ ಅವುಗಳ ಬಣ್ಣ ಏಳುವುದು, ಅದನ್ನು ಕೂರಿಸುವುದು ಸಿಬ್ಬಂದಿಗೆ ನಿತ್ಯದ ಕೆಲಸವಾಗಿತ್ತು. ಗಣಿಯಲ್ಲಿ ಆ ಕೆಲಸ ಹೆಚ್ಚುಕಡಿಮೆ ನಿಂತೇಹೋಯಿತು. ಯುದ್ಧ ಮುಗಿದು ಚಿತ್ರಗಳು ಊರಿಗೆ ಮರಳಿದ ಮೇಲೆ ಮತ್ತೆ ಬಣ್ಣ ಏಳತೊಡಗಿತು. ಗ್ಯಾಲರಿಯಲ್ಲಿ ಹವಾನಿಯಂತ್ರಣ ಅಳವಡಿಸಲು ಇದೇ ದೊಡ್ಡ ಕಾರಣ.

ಮನೆಯ ಅಟ್ಟಕ್ಕೆ ಹವಾನಿಯಂತ್ರಣ ಯಾರು ಹಾಕಿಸುತ್ತಾರೆ? ಇಲ್ಲೇ ಹಳೇ ಪಂಚೆ ಬರುವುದು. ಅದೇ ನ್ಯಾಷನಲ್ ಗ್ಯಾಲರಿಯ ವಿಜ್ಞಾನಿ ಗ್ಯಾರಿ ಥಾಮ್ಸನ್ 1960ರ ದಶಕದಲ್ಲಿ ಒಂದು ಪ್ರಶ್ನೆ ಎತ್ತಿಕೊಂಡರು: ಮುಚ್ಚಿದ ಪೆಟ್ಟಿಗೆಯ ತುಂಬ ಮರವಿದ್ದರೆ, ಹೊರಗಿನ ಉಷ್ಣತೆ ಏರಿಳಿದಾಗ ಒಳಗಿನ ಆರ್ದ್ರತೆ ಏನಾಗುತ್ತದೆ? ಖಾಲಿ ಪೆಟ್ಟಿಗೆ ತಣ್ಣಗಾದರೆ ಆರ್ದ್ರತೆ ಸರ್ರನೆ ಏರುತ್ತದೆ. ಮರ ತುಂಬಿದ ಪೆಟ್ಟಿಗೆಯಲ್ಲಿ ಅದು ಬಹುತೇಕ ಅಲ್ಲಾಡುವುದಿಲ್ಲ. ಪೆಟ್ಟಿಗೆಯ ಹವಾಮಾನವನ್ನು ನಡೆಸುವುದು ಒಳಗಿನ ಗಾಳಿಯಲ್ಲ, ಒಳಗಿನ ವಸ್ತು.

ಇದನ್ನು ನಮ್ಮ ಟ್ರಂಕಿಗೆ ಲೆಕ್ಕ ಹಾಕಿ ನೋಡೋಣ. ಮುಕ್ಕಾಲು ಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಆಳದ ಕಬ್ಬಿಣದ ಟ್ರಂಕು ಹಿಡಿಯುವುದು ಸುಮಾರು 100 ಲೀಟರ್ ಗಾಳಿ. ಅಕ್ಟೋಬರ್‌ನ ಒಂದು ಮೋಡದ ಮಧ್ಯಾಹ್ನ, 28 ಡಿಗ್ರಿ, ಆರ್ದ್ರತೆ ಶೇ 75. ಆಗ ಈ ಟ್ರಂಕಿನ ಗಾಳಿಯಲ್ಲಿರುವ ನೀರು 2 ಗ್ರಾಂ. ಮುಚ್ಚಳ ಹಾಕಿದೆವು. ಡಿಸೆಂಬರ್ ರಾತ್ರಿ ಕೋಣೆ 20 ಡಿಗ್ರಿಗೆ ಇಳಿಯಿತು. ಅಷ್ಟೇ ಗಾಳಿ ಈಗ 1.7 ಗ್ರಾಂಗಿಂತ ಹೆಚ್ಚು ಹಿಡಿಯಲಾರದು. ಮಿಕ್ಕ 0.3 ಗ್ರಾಂ, ಅಂದರೆ ಐದಾರು ಹನಿ, ತಣ್ಣನೆಯ ಕಬ್ಬಿಣದ ಗೋಡೆಗೆ ಇಬ್ಬನಿಯಾಗಿ ಕೂರುತ್ತದೆ. ಗೊಂಬೆಯ ಬೆನ್ನು ಆ ಗೋಡೆಗೆ ತಾಗಿದ್ದರೆ ಹನಿ ನೇರ ಬಣ್ಣಕ್ಕೆ.

ಈಗ ಅದೇ ಟ್ರಂಕಿನಲ್ಲಿ ಒಂದು ಕಿಲೋ ಹಳೆಯ ಹತ್ತಿಬಟ್ಟೆ ತುಂಬಿ. ಆರ್ದ್ರತೆ ಶೇ 65 ಇರುವಾಗ 100 ಗ್ರಾಂ ಒಣಹತ್ತಿ ಸುಮಾರು 8 ಗ್ರಾಂ ನೀರನ್ನು ಎಳೆಗಳ ಒಳಗೆ ಹಿಡಿದಿರುತ್ತದೆ. ಕೈಗೆ ಒದ್ದೆ ಅನ್ನಿಸುವುದೂ ಇಲ್ಲ. ಒಂದು ಕಿಲೋಗೆ 80 ಗ್ರಾಂ ಆಯಿತು. ಟ್ರಂಕಿನ ಅಷ್ಟೂ ಗಾಳಿಯಲ್ಲಿರುವುದಕ್ಕಿಂತ 40 ಪಟ್ಟು ಹೆಚ್ಚು ನೀರು ಬಟ್ಟೆಯಲ್ಲೇ ಇದೆ. ಗಾಳಿ ತಣ್ಣಗಾಗಿ 0.3 ಗ್ರಾಂ ಬಿಟ್ಟುಕೊಟ್ಟರೆ ಹತ್ತಿ ಅದನ್ನು ಸದ್ದಿಲ್ಲದೆ ಒಳಗೆ ಎಳೆದುಕೊಳ್ಳುತ್ತದೆ. 80 ಇದ್ದದ್ದು 80.3 ಆಗುತ್ತದೆ, ಅಷ್ಟೆ. ಬೇಸಿಗೆಯಲ್ಲಿ ಮುಚ್ಚಳದ ಸಂದಿಯಿಂದ ಒಣಗಾಳಿ ನುಗ್ಗಿದರೆ ಬಟ್ಟೆ ತನ್ನ ನೀರನ್ನು ಸ್ವಲ್ಪಸ್ವಲ್ಪವೇ ಬಿಡುತ್ತದೆ. ಹೊರಗೆ ಒಂದೇ ದಿನದಲ್ಲಿ ನಡೆಯುವ ಏರಿಳಿತ ಒಳಗೆ ವಾರಗಳ ಮೇಲೆ ಹರಡಿಹೋಗುತ್ತದೆ. ಪಾಲಿಯೆಸ್ಟರ್ ಸೀರೆಗೆ ಈ ಶಕ್ತಿಯಿಲ್ಲ. ಅದು ಹಿಡಿಯುವ ನೀರು 100 ಗ್ರಾಂಗೆ ಅರ್ಧ ಗ್ರಾಂ ಕೂಡ ಇಲ್ಲ. ಪ್ಲಾಸ್ಟಿಕ್ ಚೀಲಕ್ಕಂತೂ ಏನೂ ಇಲ್ಲ; ಗೊಂಬೆಯನ್ನು ನೇರವಾಗಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗಂಟು ಹಾಕಿದರೆ ಮೇಲೆ ಹೇಳಿದ ಇಬ್ಬನಿ ಗೊಂಬೆಯ ಮೈಮೇಲೇ ಆಗುತ್ತದೆ.

ಒಗೆದೊಗೆದು ಮೆತ್ತಗಾದ ಪಂಚೆ, ಹಳೇ ನೂಲಿನ ಸೀರೆ, ಹರಿದ ದುಪ್ಪಟಿಗಳನ್ನು ಟ್ರಂಕಿಗೆ ತುರುಕುತ್ತಿದ್ದ ಹೆಂಗಸರು ಮಾಡುತ್ತಿದ್ದದ್ದು ಥಾಮ್ಸನ್ ಅಳೆದು ತೋರಿಸಿದ್ದನ್ನೇ. ಅವರಿಗೆ ಅದು ತಾಗಿ ಮುಕ್ಕಾಗದಿರಲಿ ಎಂಬ ಉಪಾಯವಾಗಿತ್ತು, ಬೇಡದ ಬಟ್ಟೆಗೆ ಒಂದು ಉಪಯೋಗವಾಗಿತ್ತು. ಕಾರಣ ಏನೇ ಇರಲಿ, ಮಾಡಿದ ಕೆಲಸ ಸರಿಯಾದದ್ದು. ನೂರು ವರ್ಷ ದಾಟಿದ ಗೊಂಬೆಗಳು ಮೈಸೂರು ಸೀಮೆಯ ಸಾಮಾನ್ಯ ಮನೆಗಳಲ್ಲೂ ಉಳಿದಿರುವುದಕ್ಕೆ ಇದೊಂದು ಕಾರಣ ಎಂದು ನಾನು ನಂಬುತ್ತೇನೆ.

ಆದರೆ ಇದರಲ್ಲಿ ಒಂದು ಷರತ್ತಿದೆ. ಬಟ್ಟೆ ಯಾವ ಆರ್ದ್ರತೆಯಲ್ಲಿ ಒಳಗೆ ಹೋಗುತ್ತದೋ ಅದನ್ನೇ ತಿಂಗಳುಗಟ್ಟಲೆ ಕಾಪಾಡುತ್ತದೆ. ಒಳ್ಳೆಯದನ್ನು ಕಾಪಾಡಿದಂತೆ ಕೆಟ್ಟದ್ದನ್ನೂ ಕಾಪಾಡುತ್ತದೆ. ಆರ್ದ್ರತೆ ಶೇ 65-70 ದಾಟಿ ಅಲ್ಲೇ ನಿಂತರೆ ಬೂಷ್ಟು ಬೆಳೆಯುತ್ತದೆ. ಮಳೆಯ ದಿನ ಮುಗ್ಗಲು ಬಟ್ಟೆಯಲ್ಲಿ ಸುತ್ತಿ ಮುಚ್ಚಿದ ಟ್ರಂಕು ಅಷ್ಟೂ ಕಾಲ ಬೂಷ್ಟಿನ ಕೃಷಿ ಮಾಡುತ್ತದೆ. ದುರದೃಷ್ಟಕ್ಕೆ ದಸರೆ ಬರುವುದು ಅಂಥ ಕಾಲದಲ್ಲೇ. ಬೆಂಗಳೂರಿಗೆ ವರ್ಷದಲ್ಲಿ ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ. 2024ರಲ್ಲಿ ವಿಜಯದಶಮಿ ಅಕ್ಟೋಬರ್ 12ಕ್ಕೆ ಬಂತು. ಅದರ ಮರುವಾರವೇ ಊರು ಮಳೆಯಲ್ಲಿ ಮುಳುಗಿತ್ತು. ದಶಮಿಯ ರಾತ್ರಿ ಪಟ್ಟದ ಗೊಂಬೆಯನ್ನು ಮಲಗಿಸಿ ಶಾಸ್ತ್ರ ಪೂರೈಸಿ. ಮರುದಿನವೇ ಟ್ರಂಕಿಗೆ ತುಂಬಲೇಬೇಕೆಂಬ ಹಟ ಬೇಡ. ಎರಡು ದಿನ ಒಳ್ಳೆಯ ಬಿಸಿಲು ಬರುವವರೆಗೆ ಗೊಂಬೆಗಳು ಮೆಟ್ಟಿಲ ಮೇಲೇ ಇರಲಿ. ಬಿಸಿಲು ಕಾಣಿಸಬೇಕಾದದ್ದು ಬಟ್ಟೆಗೆ ಮತ್ತು ಖಾಲಿ ಟ್ರಂಕಿಗೆ. ಬಟ್ಟೆ ಒಣಗಿದ ಮೇಲೆ ಒಳಗೆ ತಂದು ಆರಲು ಬಿಡಿ, ಆಮೇಲೆ ಸುತ್ತಿ. ಆ ಬಟ್ಟೆಗೆ ಗಂಜಿ ಹಾಕಿರಬಾರದು. ಏಕೆಂದು ಮುಂದೆ ಹೇಳುತ್ತೇನೆ.

ಸುತ್ತುವ ಮುಂಚೆ ದೂಳು ಹೋಗಬೇಕು. ದೂಳಿಗೆ ತೇವ ಹೀರುವ ಗುಣವಿದೆ, ದೀಪದ ಎಣ್ಣೆಯ ಮಸಿಯ ಜೊತೆ ಸೇರಿದರೆ ಅಂಟಿಕೊಂಡುಬಿಡುತ್ತದೆ. ಮೃದುವಾದ ಒಣ ಕುಂಚ ಸಾಕು. ಒದ್ದೆ ಬಟ್ಟೆ ಬೇಡವೇ ಬೇಡ. ಮಣ್ಣಿನ ಗೊಂಬೆಯ ವಿಷಯದಲ್ಲಿ ಎರಡು ಜಾತಿ ಗುರುತಿಟ್ಟುಕೊಳ್ಳಿ. ಜೇಡಿಮಣ್ಣನ್ನು 500-600 ಡಿಗ್ರಿ ದಾಟಿಸಿ ಸುಟ್ಟಾಗ ಖನಿಜದೊಳಗೆ ಬೆಸೆದುಕೊಂಡಿದ್ದ ನೀರು ಹೊರಟುಹೋಗುತ್ತದೆ, ಅದು ಮತ್ತೆ ಕೆಸರಾಗುವುದಿಲ್ಲ. ಸುಡದೆ ಬಿಸಿಲಲ್ಲಿ ಮಾತ್ರ ಒಣಗಿಸಿ ಬಣ್ಣ ಬಳಿದದ್ದು ಯಾವತ್ತಿದ್ದರೂ ಕೆಸರಿಗೆ ಮರಳಬಲ್ಲದು. ಬುಡದಲ್ಲಿ ಬಣ್ಣವಿಲ್ಲದ ಜಾಗವನ್ನು ಉಗುರಿನಿಂದ ಕೆರೆದರೆ ಸುಡದ ಮಣ್ಣು ಪುಡಿಯಾಗಿ ಬರುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಗಟ್ಟಿಯಾದ ಮೇಲೆ ಜಿಪ್ಸಂ. ಅದು ಲೀಟರ್ ನೀರಿಗೆ ಎರಡು ಗ್ರಾಂಗೂ ತುಸು ಹೆಚ್ಚು ಕರಗುತ್ತದೆ. ಒರೆಸಿದಷ್ಟೂ ಮೂಗು ಸವೆಯುತ್ತದೆ.

ಚನ್ನಪಟ್ಟಣದ ಗೊಂಬೆಗೆ ನೀರಿಗಿಂತ ಶಾಖದ ಭಯ ಹೆಚ್ಚು. ಅದರ ಹೊಳಪು ಅರಗಿನದು, ಅರಗು ಒಂದು ಪುಟ್ಟ ಕೀಟ ಸ್ರವಿಸುವ ರಾಳ. ಅರಗು ಕರಗುವುದು 75 ಡಿಗ್ರಿಯ ಆಸುಪಾಸಿನಲ್ಲಾದರೂ ಅದಕ್ಕೆ ಬಹಳ ಮೊದಲೇ ಮೆತ್ತಗಾಗಿ ಅಂಟತೊಡಗುತ್ತದೆ. ಕುಶಲಕರ್ಮಿ ಲೇತಿನಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜುವಿಕೆಯ ಶಾಖಕ್ಕೇ ಅದು ಕರಗಿ ಹರಡಿಕೊಳ್ಳುವುದು ಈ ಗುಣದಿಂದ. ಶೀಟಿನ ಮಾಡಿನ ಕೆಳಗಿನ ಅಟ್ಟದಲ್ಲಿ ಏಪ್ರಿಲ್ ತಿಂಗಳು ಎರಡು ಗೊಂಬೆ ಒಂದಕ್ಕೊಂದು ಒತ್ತಿಕೊಂಡಿದ್ದರೆ ಬಿಡಿಸುವಾಗ ಒಂದರ ಬಣ್ಣ ಇನ್ನೊಂದಕ್ಕೆ ಬರುತ್ತದೆ. ಇವುಗಳ ನಡುವೆ ಬಟ್ಟೆ ಇರಲೇಬೇಕು. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಮುಟ್ಟಲೂ ಬೇಡಿ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ.

ಇನ್ನು ಹುಳಗಳು. ಮರದ ಗೊಂಬೆಯ ಬುಡದಲ್ಲಿ ಗುಂಡುಸೂಜಿಯ ತಲೆಯಷ್ಟು ದುಂಡನೆಯ ರಂಧ್ರ, ಕೆಳಗೆ ಮೈದಾದಷ್ಟು ನಯವಾದ ಪುಡಿ ಕಂಡರೆ ಕುಟ್ಟೆ ಹಿಡಿದಿದೆ ಎನ್ನುತ್ತೇವೆ. ಆ ರಂಧ್ರ ಹುಳ ಒಳಗೆ ಹೋದ ದಾರಿಯಲ್ಲ, ಹೊರಬಂದ ದಾರಿ. ಹೆಣ್ಣು ದುಂಬಿ ಮೊಟ್ಟೆಯಿಡುವುದು ಮರದ ನೀರ್ಗೊಳವೆಗಳ ತೆರೆದ ಬಾಯಿಯೊಳಗೆ, ಬರಿಗಣ್ಣಿಗೆ ಕಾಣದಂತೆ. ಮರಿ ತಿಂಗಳುಗಟ್ಟಲೆ ಒಳಗೇ ಸುರಂಗ ಕೊರೆದು, ಮರದಲ್ಲಿರುವ ಪಿಷ್ಟ ತಿಂದು, ದುಂಬಿಯಾಗಿ ಒಂದೆರಡು ಮಿಲಿಮೀಟರ್ ತೂತು ಮಾಡಿಕೊಂಡು ಹಾರಿಹೋಗುತ್ತದೆ. ನಮಗೆ ಕಾಣುವ ಹೊತ್ತಿಗೆ ಒಂದು ತಲೆಮಾರಿನ ಊಟ ಮುಗಿದಿರುತ್ತದೆ.

ಪಿಷ್ಟ ಇರುವುದು ಮರದ ಹೊರಸುತ್ತಿನ ಬಿಳಿಭಾಗದಲ್ಲಿ. ಒಳಗಿನ ಚೇಗಿನಲ್ಲಿ ಪಿಷ್ಟವಿಲ್ಲ, ಬದಲಿಗೆ ಹುಳಕ್ಕಾಗದ ರಾಳ, ವರ್ಣದ್ರವ್ಯಗಳಿವೆ. ಕೆಂಪು ಚೇಗಿನಿಂದಲೇ ಕೆತ್ತಿದ ರಕ್ತಚಂದನದ ಪಟ್ಟದ ಗೊಂಬೆಗೆ ಕುಟ್ಟೆ ಬೀಳದಿರುವುದು ಇದರಿಂದ. ಬೆನ್ನಿನ ಕಡೆ ಬಿಳಿಯ ಪಟ್ಟೆ ಉಳಿದಿದ್ದರೆ ಅಷ್ಟು ಭಾಗಕ್ಕೆ ಈ ರಕ್ಷಣೆಯಿಲ್ಲ. ಹಾಲೆ ಮರವಂತೂ ಇಡಿಯಾಗಿ ಬಿಳಿಯ ಮೆದು ಮರ, ಆದರೆ ಅರಗಿನ ಪದರ ಕೊಳವೆಗಳ ಬಾಯಿ ಮುಚ್ಚಿಬಿಡುತ್ತದೆ, ದುಂಬಿಗೆ ಮೊಟ್ಟೆಯಿಡಲು ಜಾಗವಿಲ್ಲ. ಅರಗು ಹಚ್ಚದೆ ಬಿಟ್ಟ ಅಡಿಭಾಗವೇ ದುರ್ಬಲ ಜಾಗ. ಚನ್ನಪಟ್ಟಣದ ಗೊಂಬೆಯನ್ನು ಎತ್ತಿಡುವಾಗ ತಲೆಗಿಂತ ಮೊದಲು ಅಡಿಯನ್ನು ನೋಡಿ.

ಬೆಳ್ಳಿಮೀನು ಎಂದು ಕರೆಯುವ, ಪುಸ್ತಕದ ಬೀರುವಿನಲ್ಲಿ ಫಕ್ಕನೆ ಓಡುವ ಹೊಳಪಿನ ಹುಳಕ್ಕೂ ಪಿಷ್ಟವೇ ಆಹಾರ. ಗಂಜಿ ಹಾಕಿದ ಬಟ್ಟೆ ಬೇಡ ಎಂದದ್ದು ಇದಕ್ಕೆ. ಕಾಗದದ ಗೊಂಬೆಯ ಅಂಟು, ಹುಣಸೆಬೀಜದ ಅಂಟು ಅದಕ್ಕೆ ಹಬ್ಬದೂಟ. ಇನ್ನು ಶೆಟ್ಟಿ ಶೆಟ್ಟಿತಿ ಗೊಂಬೆಗಳ ಮುಂದೆ ಹೂಡುವ ಅಂಗಡಿ. ಮಕ್ಕಳು ಆಸೆಯಿಂದ ಜೋಡಿಸಿದ ಅಕ್ಕಿ, ಬೇಳೆ, ಗೋಧಿಯ ಕಾಳುಗಳು ಪುಟ್ಟ ಪಾತ್ರೆಗಳ ಮೂಲೆಯಲ್ಲಿ, ಶೆಟ್ಟಿತಿಯ ಸೆರಗಿನ ಮಡಿಕೆಯಲ್ಲಿ ಉಳಿದುಬಿಡುತ್ತವೆ. ನಾಲ್ಕು ಕಾಳು ಸಾಕು, ಅಕ್ಕಿಯ ಹುಳ ಒಂದು ಕಾಳಿನೊಳಗೇ ಮೊಟ್ಟೆಯಿಂದ ದೊಡ್ಡದಾಗಿ ಹೊರಬರುತ್ತದೆ. ತೇವ ಹೀರಲಿ ಎಂದು ಟ್ರಂಕಿಗೆ ಅಕ್ಕಿಯ ಗಂಟು ಹಾಕುವವರಿಗೂ ಇದೇ ಮಾತು. ಅಕ್ಕಿ ಹೀರುವ ತೇವ ಅಲ್ಪ, ಕರೆಯುವ ಹುಳ ಬಹಳ.

ಬೇವಿನ ಎಲೆಯ ಮೇಲೆ ನಮಗೆ ದೊಡ್ಡ ನಂಬಿಕೆ. ಬೇವಿಗೆ ನಿಜವಾದ ಶಕ್ತಿಯಿದೆ. 1959ರಲ್ಲಿ ಸುಡಾನಿನಲ್ಲಿ ಮಿಡತೆಗಳ ದಂಡು ಎಲ್ಲ ಗಿಡಮರ ಬೋಳಿಸಿ ಬೇವನ್ನು ಮಾತ್ರ ಬಿಟ್ಟುಹೋದದ್ದನ್ನು ಜರ್ಮನಿಯ ಕೀಟವಿಜ್ಞಾನಿ ಹೈನ್ರಿಚ್ ಶ್ಮುಟ್ಟರರ್ ಗಮನಿಸಿದರು. 1968ರಲ್ಲಿ ಬೇರೆ ಸಂಶೋಧಕರು ಬೇವಿನ ಬೀಜದಿಂದ ಅಜಾಡಿರಾಕ್ಟಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. ಕೀಟಕ್ಕೆ ಊಟ ಸೇರದಂತೆ, ಪೊರೆ ಕಳಚಲಾಗದಂತೆ ಮಾಡುವುದು ಇದೇ. ಆದರೆ ಇದು ಹೆಚ್ಚಾಗಿರುವುದು ಬೀಜದಲ್ಲಿ, ಎಲೆಯಲ್ಲಿ ಕಡಿಮೆ. ಅದಕ್ಕಿಂತ ಮುಖ್ಯವಾಗಿ ಇದು ಗಾಳಿಯಲ್ಲಿ ಹರಡುವ ವಸ್ತುವಲ್ಲ, ಹುಳದ ಬಾಯಿಗೆ ಹೋಗಬೇಕು. ಗೊಂಬೆಯ ಪಕ್ಕದಲ್ಲಿ ಸುಮ್ಮನೆ ಬಿದ್ದ ಎಲೆಯನ್ನು ಕುಟ್ಟೆಹುಳ ತಿನ್ನಲು ಬರುವುದಿಲ್ಲ. ಹಸಿ ಎಲೆ ಹಾಕಿದರೆ ಅದರ ನೀರೂ ಟ್ರಂಕಿಗೆ ಸೇರಿತು. ಶಾಸ್ತ್ರಕ್ಕೆಂದು ಹಾಕುವುದಾದರೆ ಗರಿಗರಿಯಾಗಿ ಒಣಗಿಸಿ ಹಾಕಿ, ಅದನ್ನೇ ನೆಚ್ಚಬೇಡಿ.

ನುಸಿ ಗುಳಿಗೆ ಕೆಲಸ ಮಾಡುವ ರೀತಿ ಇದಕ್ಕೆ ತದ್ವಿರುದ್ಧ. ನ್ಯಾಫ್ತಲೀನ್ ಕರಗುವುದು 80 ಡಿಗ್ರಿಯಲ್ಲಾದರೂ ಕೋಣೆಯ ಶಾಖಕ್ಕೇ ಘನದಿಂದ ನೇರ ಆವಿಯಾಗುತ್ತದೆ. ಆ ಆವಿಯೇ ಹುಳಕ್ಕೆ ವಿಷ. ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಭಾರವಾದ್ದರಿಂದ ಕೆಳಗಿಳಿಯುತ್ತದೆ. ಗುಳಿಗೆಯನ್ನು ತಳದಲ್ಲಿ ಚೆಲ್ಲಿದರೆ ವ್ಯರ್ಥ. ಬಟ್ಟೆಯ ಚೂರಿನಲ್ಲಿ ಕಟ್ಟಿ ಎಲ್ಲಕ್ಕಿಂತ ಮೇಲೆ ಇಡಬೇಕು. ಬಣ್ಣಕ್ಕೆ, ಪ್ಲಾಸ್ಟಿಕ್ಕಿಗೆ, ಥರ್ಮೊಕೋಲಿಗೆ ತಾಗಬಾರದು, ಅವು ಮೆತ್ತಗಾಗುತ್ತವೆ. ಇಷ್ಟು ಹೇಳಿದ ಮೇಲೂ ನನ್ನ ಸಲಹೆ, ಹಾಕದಿದ್ದರೆ ಒಳ್ಳೆಯದು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದ ಇರುವವರಿಗೆ, ಮುಖ್ಯವಾಗಿ ಎಳೆಗೂಸುಗಳಿಗೆ, ನ್ಯಾಫ್ತಲೀನ್ ಆವಿಯಿಂದ ಕೆಂಪು ರಕ್ತಕಣಗಳು ಒಡೆದು ಜೀವಕ್ಕೇ ಅಪಾಯವಾಗುತ್ತದೆ. ಈ ಕೊರತೆ ಭಾರತದಲ್ಲಿ ಅಪರೂಪವಲ್ಲ, ಇರುವವರಲ್ಲಿ ಹೆಚ್ಚಿನವರಿಗೆ ಗೊತ್ತೂ ಇರುವುದಿಲ್ಲ. ಐರೋಪ್ಯ ಒಕ್ಕೂಟ 2008ರಲ್ಲಿ ನ್ಯಾಫ್ತಲೀನ್ ಗುಳಿಗೆಯನ್ನು ನಿಷೇಧಿಸಿತು. ಹಬ್ಬದ ದಿನ ಟ್ರಂಕು ತೆರೆದು ಘಾಟು ಹೊಡೆಯುವ ಗೊಂಬೆಯನ್ನು ಮಗುವಿನ ಕೈಗೆ ಕೊಡುವ ಮನೆಗಳಲ್ಲಿ ಇದನ್ನು ನೆನಪಿಡಬೇಕು.

ರೇಷ್ಮೆ ಉಡುಪಿಗೆ ಗುಳಿಗೆಯೇ ಬೇಕಾಗಿಲ್ಲ. ಗಾಳಿ ಹೊರಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಭದ್ರಮಾಡಿ ಫ್ರಿಜ್ಜಿನ ಫ್ರೀಜರಿನಲ್ಲಿ, ಮೈನಸ್ 18 ಡಿಗ್ರಿಯಲ್ಲಿ, ಎರಡು ವಾರ ಇಟ್ಟರೆ ಹುಳಗಳು ಮೊಟ್ಟೆ ಮರಿ ಸಮೇತ ಸಾಯುತ್ತವೆ. ಹೊರತೆಗೆದು ಒಂದು ಪೂರ್ತಿ ದಿನ ಚೀಲ ಬಿಚ್ಚದಿದ್ದರೆ ಇಬ್ಬನಿ ಚೀಲದ ಹೊರಗೇ ಉಳಿಯುತ್ತದೆ. ಬಣ್ಣದ ಮರದ ಗೊಂಬೆಗೆ ಈ ಚಿಕಿತ್ಸೆ ಬೇಡ. ಜರಿಗೆ ರಬ್ಬರ್ ಬ್ಯಾಂಡ್ ಸುತ್ತಬೇಡಿ, ರಬ್ಬರಿನ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಹುಣಸೆಹಣ್ಣು, ಉಪ್ಪಿನಲ್ಲಿ ಬೆಳಗಿದ ಹಿತ್ತಾಳೆಯನ್ನು ಚೆನ್ನಾಗಿ ತೊಳೆದು ಬಿಸಿಲಲ್ಲಿ ಒಣಗಿಸಿ. ಉಳಿದ ಉಪ್ಪು ಹಸಿರು ಕಿಲುಬಾಗುತ್ತದೆ. ದೀಪದ ಸರಗಳ ಬ್ಯಾಟರಿ ತೆಗೆದಿಡಿ. ಸೀರಿಯಲ್ ಸೆಟ್ಟನ್ನು ಥರ್ಮೊಕೋಲಿಗೆ ಸುತ್ತಿಡುವ ಅಭ್ಯಾಸ ಬಿಡಿ. ತಂತಿಯ ಪಿವಿಸಿ ಹೊದಿಕೆಯನ್ನು ಮೆತ್ತಗಿಡಲು ಸೇರಿಸಿದ ಎಣ್ಣೆಯಂಥ ದ್ರವ ಥರ್ಮೊಕೋಲಿಗೆ ಇಳಿದು ಅದನ್ನು ಕರಗಿಸುತ್ತದೆ, ತಂತಿಯ ಹೊದಿಕೆ ಬಿರುಸಾಗಿ ಒಡೆಯುತ್ತದೆ. ಎರಡೂ ಹಾಳು. ರಟ್ಟಿನ ತುಂಡಿಗೆ ಸಡಿಲವಾಗಿ ಸುತ್ತಿದರೆ ಸಾಕು.

ಹೊರದೇಶದಲ್ಲಿ ಗೊಂಬೆ ಕೂರಿಸುವ ಕನ್ನಡದ ಮನೆಗಳು ಈಗ ಬಹಳ. ಅಲ್ಲಿಯ ಕಷ್ಟ ನಮ್ಮದರ ತಿರುವುಮುರುವು. ಮೈನಸ್ 5 ಡಿಗ್ರಿಯ ಚಳಿಗಾಳಿಯಲ್ಲಿ ಘನ ಮೀಟರ್‌ಗೆ ಮೂರು ಗ್ರಾಂ ಚಿಲ್ಲರೆ ಆವಿ ಇದ್ದರೆ ಹೆಚ್ಚು. ಅದನ್ನೇ ಒಳಗೆಳೆದು 21 ಡಿಗ್ರಿಗೆ ಕಾಯಿಸಿದರೆ ಆರ್ದ್ರತೆ ಶೇ 20ಕ್ಕಿಂತ ಕೆಳಗೆ. ಮೈಸೂರಿನ ತೇವಕ್ಕೆ ಒಗ್ಗಿದ ಮರದ ಗೊಂಬೆ ಅಲ್ಲಿಯ ಮೊದಲ ಚಳಿಗಾಲದಲ್ಲೇ ಸೀಳುವುದು ಆಶ್ಚರ್ಯವಲ್ಲ. ನೆಲಮಾಳಿಗೆ ಬೇಸಿಗೆಯಲ್ಲಿ ತೇವ, ಮಾಡಿನ ಕೆಳಗೆ ಶಾಖ. ಮಲಗುವ ಕೋಣೆಯ ಕಪಾಟಿನ ಕೆಳಗಿನ ಅರೆಯಲ್ಲಿ, ಹತ್ತಿಬಟ್ಟೆ ತುಂಬಿದ ಗಟ್ಟಿ ಪೆಟ್ಟಿಗೆಯಲ್ಲಿಡುವುದು ಅಲ್ಲಿಗೆ ಸರಿ. ನಮ್ಮಲ್ಲೂ ಫ್ಲ್ಯಾಟುಗಳ ಬಚ್ಚಲಮನೆಯ ಮೇಲಿನ ಲಾಫ್ಟು ಗೊಂಬೆಗೆ ಅತಿ ಕೆಟ್ಟ ಜಾಗ. ಹೊರಗೋಡೆಗೆ ತಾಗದಂತೆ, ಎರಡು ಮರದ ಪಟ್ಟಿಯ ಮೇಲೆ, ಮನೆಯ ನಡುಗೋಣೆಯಲ್ಲೆಲ್ಲಾದರೂ ಟ್ರಂಕಿಗೆ ಜಾಗ ಮಾಡಿ.

ಎತ್ತಿಟ್ಟ ಟ್ರಂಕನ್ನು ಮುಂದಿನ ದಸರೆಯವರೆಗೆ ಮರೆತುಬಿಡುವುದು ಬಹಳ ಮನೆಗಳ ರೂಢಿ. ಈ ಒಂದನ್ನು ಬದಲಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಶಿವರಾತ್ರಿಯ ಹೊತ್ತಿಗೆ ಒಂದು ಸಲ ತೆರೆಯಿರಿ. ಬೆಳಗಿನ ಹೊತ್ತು ತೆರೆಯಿರಿ, ಮಧ್ಯಾಹ್ನದ ಗಾಳಿ ಆ ಕಾಲಕ್ಕೆ ತೀರ ಒಣ. ಬಟ್ಟೆಗಳನ್ನು ಒಂದೊಂದಾಗಿ ಬಿಚ್ಚಿ, ಬಿಳಿಯ ಕಾಗದದ ಮೇಲೆ ಗೊಂಬೆಯನ್ನು ನಿಧಾನಕ್ಕೆ ತಟ್ಟಿ. ಕಾಗದದ ಮೇಲೆ ನಯವಾದ ಪುಡಿ ಬಿದ್ದರೆ ಆ ಗೊಂಬೆಯನ್ನು ಬೇರೆಯಿಡಿ, ಮಿಕ್ಕವನ್ನು ಮತ್ತೆ ಸುತ್ತಿ. ಅರ್ಧ ಗಂಟೆಯ ಕೆಲಸ.